ನೂರೈವತ್ತು ವರ್ಷ ಹಿಂದಿನ ಮುತ್ತಜ್ಜನ ಮನೆಯವರು: ಮಲೆನಾಡಿನಲ್ಲಿ ಯಾವ ದಾಖಲೆ ಹಿಡಿದು ಹುಡುಕಬೇಕು?

ಮುತ್ತಜ್ಜನ ಅಪ್ಪನ ಹೆಸರು ಗೊತ್ತು, ಊರು ಗೊತ್ತು. ಅವರ ಅಣ್ಣತಮ್ಮಂದಿರು ಯಾರು, ಹೆಂಡತಿಯ ಹೆಸರೇನು, ಮಕ್ಕಳೆಷ್ಟು ಎಂದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತೀರ್ಥಹಳ್ಳಿ, ಸಾಗರ, ಸೊರಬ, ಕೊಪ್ಪದ ಕಡೆ ಬಹಳಷ್ಟು ಮನೆತನಗಳ ವಂಶಾವಳಿ ನಿಂತುಹೋಗುವುದು ಇಲ್ಲೇ. ಮುಂದೇನು ಎಂದು ಹುಡುಕಿದವರಿಗೆ ಮೊದಲು ಸಿಗುವ ಸಲಹೆ ‘ಆ ಕಾಲದ ಜನಗಣತಿ ನೋಡಿ’ ಎಂಬುದು. ಇಂಗ್ಲೆಂಡಿನ ಮನೆತನ ಹುಡುಕುವವರಿಗೆ ಅದು ಸರಿಯಾದ ಸಲಹೆ. ಮಲೆನಾಡಿನಲ್ಲಿ ಅದನ್ನೇ ನಂಬಿ ಹೊರಟರೆ ತಿಂಗಳುಗಟ್ಟಲೆ ಹೊತ್ತು ಹಾಳು. ಇಲ್ಲಿ ಹೆಸರು ಸಿಗುವುದು ಜಮೀನಿನ ಕಾಗದದಲ್ಲಿ. ನಿಮ್ಮ ಹಿರಿಯರು ಆ ಜಮೀನಿಗೆ ಏನಾಗಿದ್ದರು (ಖಾತೆದಾರರೋ, ಗೇಣಿದಾರರೋ, ಸೇವೆಗಾಗಿ ಜಮೀನು ಪಡೆದ ಉಂಬಳಿದಾರರೋ, ಕೂಲಿಯವರೋ) ಎಂಬುದರ ಮೇಲೆ ಯಾವ ಕಡತ ಮೊದಲು ತೆಗೆಸಬೇಕು ಎಂಬುದು ನಿಂತಿದೆ.

ಜನಗಣತಿಯಿಂದ ಸಿಗುವುದು, ಸಿಗದಿರುವುದು

ಮೈಸೂರು ಸಂಸ್ಥಾನದಲ್ಲಿ ಮೊದಲ ವ್ಯವಸ್ಥಿತ ಜನಗಣತಿ ನಡೆದದ್ದು 1871ರ ನವೆಂಬರಿನಲ್ಲಿ. ಆಮೇಲಿನವು 1881ರ ಫೆಬ್ರವರಿ 17, 1891ರ ಫೆಬ್ರವರಿ 26 ಮತ್ತು 1901ರ ಮಾರ್ಚ್ 1ರಂದು. ಎಣಿಕೆದಾರರು ಮನೆಮನೆಗೆ ಹೋಗಿ ಹೆಸರು, ವಯಸ್ಸು, ಜಾತಿ, ಕಸುಬು ಬರೆದುಕೊಂಡದ್ದೂ ನಿಜ. ಆದರೆ ಆ ಹಾಳೆಗಳ ಕೆಲಸ ಕೋಷ್ಟಕ ತಯಾರಾಗುವವರೆಗೆ ಮಾತ್ರ. ಒಟ್ಟು ಲೆಕ್ಕ ತೆಗೆದ ಮೇಲೆ ಅವನ್ನು ಕಾಪಾಡಿಡುವ ಪದ್ಧತಿ ಭಾರತದಲ್ಲಿ ಇರಲಿಲ್ಲ, ನಾಶಪಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ, ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆವಾರು ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. ನಮ್ಮಲ್ಲಿ ಸ್ವಾತಂತ್ರ್ಯದ ನಂತರದ ಗಣತಿಗಳ ಹಾಳೆಗಳನ್ನೂ 1948ರ ಜನಗಣತಿ ಕಾಯ್ದೆಯ ಪ್ರಕಾರ ಯಾರೂ ನೋಡುವಂತಿಲ್ಲ. ಆದ್ದರಿಂದ ‘ಭಾರತದ ಹಳೆಯ ಜನಗಣತಿಯಲ್ಲಿ ನಿಮ್ಮ ಪೂರ್ವಜರ ಹೆಸರು’ ಎಂದು ಯಾವುದಾದರೂ ಜಾಲತಾಣ ದುಡ್ಡು ಕೇಳಿದರೆ ಕೊಡಬೇಡಿ. ಅಂಥ ಕಡೆ ಇರುವುದು ಸಾಮಾನ್ಯವಾಗಿ ಇತ್ತೀಚಿನ ಮತದಾರರ ಪಟ್ಟಿ, ಇಲ್ಲವೇ ಇಲ್ಲಿದ್ದ ಯುರೋಪಿಯನ್ನರ ಚರ್ಚ್ ದಾಖಲೆ.

ಹಾಗೆಂದು ಮುದ್ರಿತ ಗಣತಿ ವರದಿಗಳನ್ನು ಬದಿಗೆ ಸರಿಸುವುದು ತಪ್ಪು. ಅವು ಉಚಿತವಾಗಿ ಓದಲು ಸಿಗುತ್ತವೆ, ಮೂರು ಕೆಲಸಕ್ಕೆ ಬರುತ್ತವೆ.

ಮೊದಲನೆಯದು ಕಾಲ ನಿರ್ಣಯ. ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ನಡುವೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಮಹಾಬರ, ಅಂದರೆ 1876–78. ಬರ ಹೆಚ್ಚು ತಿಂದದ್ದು ಬಯಲುಸೀಮೆಯನ್ನು. ‘ನಮ್ಮವರು ಬರದಲ್ಲಿ ಮಲೆನಾಡಿಗೆ ಬಂದರಂತೆ’ ಎಂಬ ಮಾತು ನಿಮ್ಮ ಮನೆಯಲ್ಲಿದ್ದರೆ ಇಲ್ಲಿನ ಕಡತಗಳಲ್ಲಿ 1876ಕ್ಕಿಂತ ಹಿಂದಕ್ಕೆ ಹುಡುಕುವುದು ವ್ಯರ್ಥ. ಮೂಲ ಊರಿನ ಕಡೆಗೇ ಹೊರಳಬೇಕು.

ಎರಡನೆಯದು, ಘಟ್ಟ ಹತ್ತಿ ಬಂದವರ ಸುಳಿವು. ಫೆಬ್ರವರಿ–ಮಾರ್ಚಿನಲ್ಲಿ ಎಣಿಕೆಯಾದ್ದರಿಂದ ಆಗಿನ ಕಡೂರು ಜಿಲ್ಲೆಯ ಕಾಫಿ ತೋಟಗಳಿಗೆ ಕರಾವಳಿಯ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೆಲಸಕ್ಕೆ ಬಂದವರೂ ಲೆಕ್ಕದಲ್ಲಿ ಸೇರಿಕೊಂಡರು. ಹುಟ್ಟಿದ ಜಿಲ್ಲೆಯ ಕೋಷ್ಟಕ ನೋಡಿದರೆ ಆ ಓಡಾಟದ ಪ್ರಮಾಣ ತಿಳಿಯುತ್ತದೆ. ನಿಮ್ಮ ಮನೆದೇವರು, ಮದುವೆ ಸಂಬಂಧ, ಮಾತಿನ ಧಾಟಿ ಎಲ್ಲ ಕುಂದಾಪುರದ ಕಡೆಗೆ ತೋರಿಸುತ್ತಿದ್ದರೆ ಹುಡುಕಬೇಕಾದ್ದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ದಕ್ಷಿಣ ಕನ್ನಡದ ಅಡಂಗಲ್ (ಊರಿನ ಸಾಗುವಳಿ ಲೆಕ್ಕ) ಮತ್ತು ಸೆಟ್ಲ್‌ಮೆಂಟ್ ರಿಜಿಸ್ಟರುಗಳನ್ನು. ಸಿದ್ದಾಪುರ, ಸಿರಸಿಯ ನಂಟಿದ್ದರೆ ಅದು 1862ರಿಂದ ಬೊಂಬಾಯಿ ಪ್ರೆಸಿಡೆನ್ಸಿ. ಸೊರಬದಿಂದ ಬನವಾಸಿ ಎಷ್ಟು ಹತ್ತಿರವೋ, ಕಾಗದದಲ್ಲಿ ಅಷ್ಟೇ ದೂರ.

ಮೂರನೆಯದು ಗಡಿ. ಯಾವ ವರ್ಷ ಯಾವ ಊರು ಯಾವ ತಾಲ್ಲೂಕಿನಲ್ಲಿತ್ತು ಎಂಬುದನ್ನು ಖಚಿತ ಮಾಡಿಕೊಳ್ಳದೆ ಕಚೇರಿಗೆ ಹೋಗುವವರೇ ಹೆಚ್ಚು. ಹಳೆಯ ಕಾಗದದಲ್ಲಿ ‘ಕವಲೇದುರ್ಗ ತಾಲ್ಲೂಕು’ ಎಂದಿದ್ದರೆ ಅದು ಇಂದಿನ ತೀರ್ಥಹಳ್ಳಿ. ‘ನಗರ ತಾಲ್ಲೂಕು’ ಇಂದಿನ ಹೊಸನಗರ. ಬೆಂಕಿಪುರ ಎಂದರೆ ಭದ್ರಾವತಿ, ಎಡೇಹಳ್ಳಿ ಎಂದರೆ ನರಸಿಂಹರಾಜಪುರ, ಕಡೂರು ಜಿಲ್ಲೆ ಎಂದರೆ ಚಿಕ್ಕಮಗಳೂರು. ಹೊನ್ನಾಳಿ, ಚನ್ನಗಿರಿಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದವು. ಶೃಂಗೇರಿ ಮಠದ ಜಾಗೀರಾಗಿತ್ತು, ಅದರ ಕಾಗದದ ದಾರಿಯೇ ಬೇರೆ. 1877ರಲ್ಲೂ, ಪರಿಷ್ಕರಿಸಿ 1897ರಲ್ಲೂ ಬಂದ ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರನ್ನು ಗಣತಿ ವರದಿಯ ಪಕ್ಕದಲ್ಲಿಟ್ಟುಕೊಂಡು ಓದಿದರೆ ಈ ಗೊಂದಲ ಬಹುಪಾಲು ಪರಿಹಾರವಾಗುತ್ತದೆ.

ಇಷ್ಟಕ್ಕೆ ಎರಡು ದಿನ ಸಾಕು. ಗಣತಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಖಾತೆದಾರರ ಮನೆತನವಾದರೆ: ಸರ್ವೆ ನಂಬರಿನ ಬೆನ್ನು ಹಿಡಿಯಿರಿ

ಹೆಸರಿನ ಬೆನ್ನು ಹಿಡಿದರೆ ದಾರಿ ತಪ್ಪುತ್ತದೆ. ಮಲೆನಾಡಿನಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇರುವುದರಿಂದ ತಿಮ್ಮಪ್ಪನ ಮಗ ಮಂಜಪ್ಪ, ಮಂಜಪ್ಪನ ಮಗ ತಿಮ್ಮಪ್ಪ ಎಂದು ನೂರು ವರ್ಷ ಅದೇ ಎರಡು ಹೆಸರು ಓಡುತ್ತವೆ. ಒಂದೇ ಊರಿನಲ್ಲಿ ಅದೇ ಹೆಸರಿನ ಮೂರು ಮನೆ ಇರುತ್ತವೆ. ಜಮೀನು ಮಾತ್ರ ಎದ್ದು ಹೋಗುವುದಿಲ್ಲ. ಅದರ ನಂಬರು ಹಿಡಿದು ಒಂದೊಂದೇ ಹಂತ ಹಿಂದಕ್ಕೆ ಹೋಗಬೇಕು.

ಶುರು ಮಾಡುವುದು ಇಂದಿನ ಪಹಣಿಯಿಂದ. ಭೂಮಿ ತಂತ್ರಾಂಶದ ಪಹಣಿಯಲ್ಲಿ 9ನೇ ಕಾಲಂ ಮಾಲೀಕರ ಹೆಸರು, ವಿಸ್ತೀರ್ಣ ಮತ್ತು ಖಾತೆ ನಂಬರಿನದು. ಅದು ಅವರಿಗೆ ಹೇಗೆ ಬಂತು ಎಂಬುದು 10ನೇ ಕಾಲಂನಲ್ಲಿರುತ್ತದೆ, ಎಂ.ಆರ್. (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ) ನಂಬರಿನ ಸಮೇತ. ಆ ಎಂ.ಆರ್. ನಂಬರು ಮತ್ತು ವರ್ಷ ಬರೆದುಕೊಂಡು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮ್ಯುಟೇಶನ್ ರಿಜಿಸ್ಟರಿನ ನಕಲು ಕೇಳಬೇಕು. ಅದರಲ್ಲಿ ಹಿಂದಿನ ಖಾತೆದಾರರ ಹೆಸರು ಇರುತ್ತದೆ. ಮುಂದೆ ಹುಡುಕಬೇಕಾದ್ದು ಆ ಹೆಸರನ್ನು. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿಗಳು ಸಾಮಾನ್ಯವಾಗಿ 1960ರ ದಶಕದ ಮಧ್ಯದವರೆಗೆ ಹಿಂದಕ್ಕೆ ಒಯ್ಯುತ್ತವೆ. ಅದಕ್ಕೂ ಹಿಂದೆ ಹೋಗಲು ಬೇಕಾದ್ದು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಕಚೇರಿಯಲ್ಲಿ ಇವನ್ನು ‘ಐಎಲ್–ಆರ್‌ಆರ್’ ಎಂದೇ ಕೇಳಿ. ಐಎಲ್‌ನಲ್ಲಿ ಸರ್ವೆ ನಂಬರು ನೋಡಿ ಅದರ ಎದುರಿನ ಆರ್‌ಆರ್ ನಂಬರು ಹಿಡಿಯಬೇಕು. ಆರ್‌ಆರ್ ಪುಟದಲ್ಲಿ ಹಕ್ಕು ಬಂದ ಬಗೆ, ಕ್ರಯವಾಗಿದ್ದರೆ ಪತ್ರದ ನಂಬರು ಮತ್ತು ತಾರೀಖು ಸಿಗುತ್ತವೆ. ಮೈಸೂರಿನಲ್ಲಿ ಇದು 1920ರ ದಶಕದ ಕಾಯ್ದೆಯಿಂದ ಬಂದದ್ದು, ಹಾಗಾಗಿ ಅಲ್ಲಿ ಕಾಣುವ ಮುದುಕರು 1850–1870ರ ಸುಮಾರಿಗೆ ಹುಟ್ಟಿದವರು. ನಿಮ್ಮ ಹತ್ತೊಂಬತ್ತನೇ ಶತಮಾನ ನಿಜವಾಗಿ ಶುರುವಾಗುವುದು ಈ ಪುಟದಲ್ಲಿ.

ಇನ್ನೂ ಹಿಂದಕ್ಕೆ ಇರುವುದು ಸರ್ವೆ ಸೆಟ್ಲ್‌ಮೆಂಟ್. ಬೊಂಬಾಯಿ ಮಾದರಿಯ ಸರ್ವೆ ಮೈಸೂರಿನಲ್ಲಿ 1863ರಲ್ಲಿ ಆರಂಭವಾಯಿತು, ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಷ ಬೇರೆ. ಕಂದಾಯದ ದರವನ್ನು 30 ವರ್ಷಕ್ಕೆ ಗೊತ್ತುಮಾಡಿ, ಆಮೇಲೆ ರೀಸೆಟ್ಲ್‌ಮೆಂಟ್ ಮಾಡುತ್ತಿದ್ದರು. ಮೂಲ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕಾಶೆ ಇವು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿರುತ್ತವೆ, ತಹಶೀಲ್ದಾರರಲ್ಲಿ ಅಲ್ಲ. ಬಹಳ ಜನ ತಪ್ಪು ಮೇಜಿನ ಮುಂದೆ ನಿಂತು ‘ಇಲ್ಲ’ ಎಂಬ ಉತ್ತರ ಪಡೆದು ವಾಪಸಾಗುತ್ತಾರೆ. ಟಿಪ್ಪಣಿ, ಆಕಾರ್‌ಬಂದ್‌ಗಳಲ್ಲಿ ಅಳತೆ ಮತ್ತು ಆಕಾರ ಮುಖ್ಯ, ವಂಶದ ವಿಷಯ ಕಡಿಮೆ. ಅವುಗಳಿಂದ ನಿಮಗೆ ಬೇಕಾದ್ದು ಹಳೆಯ ನಂಬರಿಗೂ ಹೊಸ ನಂಬರಿಗೂ ಇರುವ ಕೊಂಡಿ. ಹಿಸ್ಸಾ (ಪಾಲು) ಆಗಿ 37/1, 37/2 ಎಂದು ಒಡೆದದ್ದು ಅಣ್ಣತಮ್ಮಂದಿರು ಪಾಲಾದ ಗುರುತು. ಒಂದೇ ಮೂಲ ನಂಬರಿನ ಎಲ್ಲ ಹಿಸ್ಸೆಗಳ ಪಹಣಿ ತೆಗೆದು ಪಕ್ಕಪಕ್ಕ ಇಟ್ಟರೆ ಮರೆತುಹೋದ ದಾಯಾದಿಗಳ ಮನೆಗಳು ತಾವಾಗಿ ಕಾಣಿಸಿಕೊಳ್ಳುತ್ತವೆ. ಮುತ್ತಜ್ಜನ ಅಣ್ಣತಮ್ಮಂದಿರನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಪವತಿ ವಾರಸಿನ (ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರಿಗೆ ಖಾತೆ ಮಾಡಿದ) ಒಂದು ನಮೂದನ್ನು ಹೇಗೆ ಓದಬೇಕು ಎಂದು ನೋಡಿ. ಮಾದರಿಗೆ ಹೀಗೊಂದು ಸಾಲು ಇದೆ ಎನ್ನಿ: ‘ಸ.ನಂ. 37, ಬಾಗಾಯ್ತು, 1 ಎಕರೆ 12 ಗುಂಟೆ. ಖಾತೆದಾರ ತಿಮ್ಮಪ್ಪ ಬಿನ್ ಮಂಜಪ್ಪ ಪವತಿ. ವಾರಸು ಮಗ ಮಂಜಪ್ಪ, ಮೈನರ್, ವಯಸ್ಸು 9, ಗಾರ್ಡಿಯನ್ ತಾಯಿ ಸುಬ್ಬಮ್ಮ ಕೋಂ ತಿಮ್ಮಪ್ಪ.’ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಒಂದೇ ಸಾಲಿನಲ್ಲಿ ಮೂರು ತಲೆಮಾರಿನ ನಾಲ್ವರು ಸಿಕ್ಕರು. ಹುಡುಗನ ವಯಸ್ಸಿನಿಂದ ಅವನು ಹುಟ್ಟಿದ ವರ್ಷ ಸಿಕ್ಕಿತು. ತಿಮ್ಮಪ್ಪ ಎಳೆಯ ವಯಸ್ಸಿನಲ್ಲೇ ತೀರಿಕೊಂಡಿರಬೇಕು ಎಂಬ ಊಹೆಗೆ ಆಧಾರ ಸಿಕ್ಕಿತು. ತಿಮ್ಮಪ್ಪನ ತಮ್ಮನೊಬ್ಬ ಇದ್ದಿದ್ದರೆ ಗಾರ್ಡಿಯನ್ ಅವನೇ ಆಗುವ ಸಂಭವ ಹೆಚ್ಚಿತ್ತು. ತಾಯಿ ಆಗಿದ್ದಾಳೆ ಎಂದರೆ ತಮ್ಮಂದಿರು ಇರಲಿಲ್ಲವೋ, ಅಷ್ಟರಲ್ಲಿ ಪಾಲಾಗಿತ್ತೋ ಎಂದು ಮುಂದಿನ ಹುಡುಕಾಟಕ್ಕೆ ಪ್ರಶ್ನೆ ಸಿಕ್ಕಿತು. ಗಣತಿಯ ಹಾಳೆ ಉಳಿದಿದ್ದರೂ ಇಷ್ಟನ್ನು ಕೊಡುತ್ತಿತ್ತೋ ಇಲ್ಲವೋ.

ಈ ದಾರಿಯಲ್ಲಿ ಎಡವುವ ಜಾಗಗಳೂ ಇವೆ. ಅವಿಭಕ್ತ ಕುಟುಂಬದಲ್ಲಿ ಖಾತೆ ಹಿರಿಯನ ಹೆಸರಿಗೆ ಮಾತ್ರ. ನಾಲ್ಕು ಜನ ತಮ್ಮಂದಿರು ಅದೇ ಮನೆಯಲ್ಲಿದ್ದರೂ ಕಾಗದದಲ್ಲಿ ಇರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚಿನ ಪವತಿಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಬರುವುದೇ ಇಲ್ಲ. ಅಳಿಯಸಂತಾನದ ಮನೆತನವಾದರೆ ಆಸ್ತಿ ಹೋಗುವುದು ಸೋದರಳಿಯನಿಗೆ. ಅಲ್ಲಿ ಮುಂದಿನ ಖಾತೆದಾರನನ್ನು ಮಗ ಎಂದು ಬರೆದುಕೊಂಡರೆ ಇಡೀ ವಂಶವೃಕ್ಷ ತಪ್ಪುತ್ತದೆ. ದತ್ತು ಬಂದವರ ‘ಬಿನ್’ ಮುಂದೆ ಇರುವುದು ದತ್ತು ತಂದೆಯ ಹೆಸರು. ಸಾಲಕ್ಕೆ ತೋಟ ಸಾಹುಕಾರರ ಹೆಸರಿಗೆ ಹೋಗಿ, ಮನೆಯವರು ಅದೇ ತೋಟದಲ್ಲಿ ಗೇಣಿಗೆ ಉಳಿದದ್ದೂ ಉಂಟು. ಆಗ ಖಾತೆಯಿಂದ ಹೆಸರು ಅಳಿಸಿತೆಂದು ಮನೆತನ ಊರು ಬಿಟ್ಟಿತೆಂದು ತಿಳಿಯಬಾರದು.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ಬಯಲುಸೀಮೆಯಂತೆ ಇಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳಲ್ಲ. ಒಂದು ಕಂದಾಯ ಗ್ರಾಮಕ್ಕೆ ಹಲವು ಮಜರೆ, ಕೊಪ್ಪ, ಕೇರಿ, ನಡುವೆ ಒಂಟಿಮನೆಗಳು. ನೀವು ಹೇಳುವ ಮನೆಯ ಹೆಸರು ಕಂದಾಯದ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ದಿಶಾಂಕ್ ಆ್ಯಪ್ ಹಿಡಿದು ಹಳೆಮನೆಯ ಅಡಿಪಾಯದ ಹತ್ತಿರ ನಿಂತರೆ ಸರ್ವೆ ನಂಬರೂ ಗ್ರಾಮದ ಹೆಸರೂ ತಿಳಿಯುತ್ತದೆ. ಮರದ ನೆರಳಿನಲ್ಲಿ, ಗುಡ್ಡದ ಬುಡದಲ್ಲಿ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುವುದರಿಂದ ಗ್ರಾಮ ನಕಾಶೆಯ ಹಳ್ಳ, ಕೆರೆಗಳ ಜತೆ ತಾಳೆ ನೋಡಿಯೇ ನಂಬಬೇಕು.

ಕಚೇರಿಯಲ್ಲಿ ಪ್ರಮಾಣಿತ ನಕಲಿಗೆ ನೇರ ಅರ್ಜಿ ಹಾಕುವುದೇ ಮೊದಲ ದಾರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು: ಶುಲ್ಕ 10 ರೂಪಾಯಿ, 30 ದಿನದ ಗಡುವು, ಪುಟಕ್ಕೆ 2 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ನಮ್ಮ ಪೂರ್ವಜರ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ತಿರಸ್ಕಾರ ಖಂಡಿತ. ‘ಇಂಥ ಗ್ರಾಮದ ಸ.ನಂ. 37ರ ಐಎಲ್ ಮತ್ತು ಆರ್‌ಆರ್ ಪುಟಗಳ ನಕಲು’ ಎಂದು ಬರೆಯಿರಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಕಡತಗಳ ಸ್ಕ್ಯಾನಿಂಗ್ ನಡೆದಿರುವುದರಿಂದ ಮೊದಲು ‘ಕಡತ ಸಿಗುತ್ತಿಲ್ಲ’ ಎಂದ ಕಡೆಯೂ ಇನ್ನೊಮ್ಮೆ ಕೇಳುವುದು ಒಳ್ಳೆಯದು. ಮಳೆಗಾಲದ ನಾಡಿನ ಕಾಗದಗಳಿವು. ಒರಲೆ ತಿಂದದ್ದು, ಶಾಯಿ ಹರಡಿದ್ದು ಬಹಳ. ಮೂಲವನ್ನು ನೋಡಲು ಬಿಟ್ಟರೆ ಪುಟ ಮಗುಚುವಾಗ ಕೆಳಗಿನಿಂದ ಅಂಗೈಯಲ್ಲಿ ಎತ್ತಬೇಕು, ಮೂಲೆ ಹಿಡಿದು ಎಳೆಯಬಾರದು.

ಕೆಲವು ಕಾಗದಗಳು ಕಚೇರಿಗೆ ಬಂದೇ ಇಲ್ಲ. ಪಟೇಲ–ಶಾನುಭೋಗಿಕೆ ರದ್ದಾದದ್ದು 1961ರ ಕಾಯ್ದೆಯಿಂದ, ಜಾರಿಯಾದದ್ದು 1963ರಲ್ಲಿ. ಆ ಮುಂಚಿನ ಖಾತೆ ಪುಸ್ತಕ, ಕಡತಗಳು ಹಳೆಯ ಶಾನುಭೋಗರ ಮನೆಯ ಅಟ್ಟದಲ್ಲೇ ಉಳಿದಿರುವುದುಂಟು. ಜಮೀನಿನ ತಕರಾರಿಗೆ ಬಂದಿದ್ದೀರಿ ಎಂಬ ಅನುಮಾನ ಬಂದರೆ ಯಾರೂ ತೋರಿಸುವುದಿಲ್ಲ. ಊರಿನ ಹಿರಿಯರೊಬ್ಬರನ್ನು ಜತೆಗೆ ಕರೆದುಕೊಂಡು ಹೋಗಿ, ವಂಶಾವಳಿಗಾಗಿ ಎಂದು ಮೊದಲೇ ಹೇಳಿ, ಅಲ್ಲೇ ಕೂತು ಫೋಟೋ ತೆಗೆದುಕೊಂಡು ಬನ್ನಿ. ಮನೆಗೆ ಕೊಂಡುಹೋಗಲು ಕೇಳಬೇಡಿ.

ಗೇಣಿದಾರರ ಮನೆತನವಾದರೆ: ಫಾರಂ 7ರ ಕಡತ

ಮಲೆನಾಡಿನಲ್ಲಿ ಉಳುವವರಲ್ಲಿ ಬಹುಪಾಲು ಜನರ ಹೆಸರು ಹತ್ತೊಂಬತ್ತನೇ ಶತಮಾನದ ಯಾವ ಖಾತೆಯಲ್ಲೂ ಇಲ್ಲ. ಗೇಣಿ ಕೊಟ್ಟು ಉಳುತ್ತಿದ್ದವರ ಲೆಕ್ಕ ಒಡೆಯರ ಮನೆಯ ಕಡತದಲ್ಲಿ ಮಾತ್ರ ಇರುತ್ತಿತ್ತು. ದೀವರು ಮತ್ತಿತರ ಸಮುದಾಯಗಳ ಸಾವಿರಾರು ಮನೆಗಳಿಗೆ ಮೇಲೆ ಹೇಳಿದ ದಾರಿ ನಡುವೆಯೇ ಕಡಿದುಹೋಗುತ್ತದೆ. ‘ನಮ್ಮವರ ದಾಖಲೆಯೇ ಇಲ್ಲ’ ಎಂದು ಕೈಚೆಲ್ಲುವವರು ಇವರೇ. ದಾಖಲೆ ಇದೆ, ಬೇರೆ ಕಡೆ ಇದೆ.

ಗೇಣಿದಾರರ ಹಕ್ಕಿಗಾಗಿ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. ಮುಂದೆ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಫಾರಂ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಕೊನೆಯ ಗಡುವು 1979ರ ಜೂನ್ 30ರವರೆಗೆ ಮುಂದಕ್ಕೆ ಹೋಯಿತು. ಅರ್ಜಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಒಡೆಯರ ಹೆಸರು, ಕೊಡುತ್ತಿದ್ದ ಗೇಣಿ ಇರುತ್ತದೆ. ವಂಶ ಹುಡುಕುವವರಿಗೆ ಅರ್ಜಿಗಿಂತ ಬೆಲೆಬಾಳುವುದು ಕಡತದ ಒಳಗಿನ ಹೇಳಿಕೆಗಳು. ಎಷ್ಟು ಕಾಲದಿಂದ ಸಾಗುವಳಿ ಎಂದು ಸಾಬೀತು ಮಾಡಲು ಅಜ್ಜನ ಕಾಲದಿಂದ, ಮುತ್ತಜ್ಜನ ಕಾಲದಿಂದ ಎಂದು ಹೆಸರು ಹಿಡಿದು ಹೇಳಿರುತ್ತಾರೆ. ಅಣ್ಣತಮ್ಮಂದಿರ ನಡುವೆ ತಕರಾರು ಎದ್ದಿದ್ದರೆ ವಂಶವೃಕ್ಷವನ್ನೇ ಬರೆದು ಹಾಜರುಪಡಿಸಿರುತ್ತಾರೆ, ಗೇಣಿ ಚೀಟಿಗಳೂ ಲಗತ್ತಾಗಿರುತ್ತವೆ. 1974ರಲ್ಲಿ ಎಪ್ಪತ್ತು ವರ್ಷದವರು ಕೊಟ್ಟ ಹೇಳಿಕೆ ಎಂದರೆ 1904ರ ಸುಮಾರಿಗೆ ಹುಟ್ಟಿದವರ ಮಾತು, ಅವರ ಅಜ್ಜ ಹುಟ್ಟಿದ್ದು 1850ರ ಆಸುಪಾಸು. ತಾಲ್ಲೂಕು ಕಚೇರಿಯಲ್ಲಿ ಗ್ರಾಮ ಮತ್ತು ಎಲ್‌ಆರ್‌ಎಫ್ (ಭೂಸುಧಾರಣಾ ಕಡತದ) ನಂಬರು ಹೇಳಿ ಕಡತ ಕೇಳಬೇಕು. ಆ ನಂಬರು ಮನೆಯಲ್ಲಿರುವ ಅಧಿಭೋಗದಾರಿಕೆಯ ಪ್ರಮಾಣಪತ್ರದ ಮೇಲೆ, ಇಲ್ಲವೇ ಆ ಕಾಲದ ಮ್ಯುಟೇಶನ್ ನಮೂದಿನಲ್ಲಿ ಸಿಗುತ್ತದೆ.

ಒಂದು ಮಿತಿ ನೆನಪಿರಲಿ. ಹಕ್ಕು ಸಾಧಿಸಲು ಕೊಟ್ಟ ಹೇಳಿಕೆಯಲ್ಲಿ ಕಾಲವನ್ನು ಹಿಗ್ಗಿಸಿ ಹೇಳಿರಬಹುದು. ಹೆಸರುಗಳನ್ನು ನಂಬಿ, ‘ನೂರು ವರ್ಷದಿಂದ’ ಎಂಬ ಮಾತನ್ನು ಬೇರೆ ಆಧಾರದಿಂದ ಪರೀಕ್ಷಿಸಿ.

ಇನಾಂ, ಉಂಬಳಿ ಜಮೀನು

ದೇವಸ್ಥಾನದ ಅರ್ಚಕರು, ಶಾನುಭೋಗರು, ಪಟೇಲರು, ತೋಟಿ–ತಳವಾರರ ಮನೆತನದವರಾದರೆ ಇನಾಂ ದಾಖಲೆಯಿಂದಲೇ ಶುರು ಮಾಡಿ. 1860ರ ದಶಕದಲ್ಲಿ ಮೈಸೂರಿನಲ್ಲಿ ಇನಾಂ ತನಿಖೆ ನಡೆಯಿತು. ಇನಾಂ ಯಾರು ಕೊಟ್ಟದ್ದು, ಮೊದಲು ಪಡೆದವರು ಯಾರು, ಈಗ ಅನುಭವಿಸುತ್ತಿರುವವರು ಅವರಿಗೆ ಏನಾಗಬೇಕು ಎಂದು ಆಗ ಕೇಳಿ ಬರೆದುಕೊಂಡರು. ಆದ್ದರಿಂದ ಇದೊಂದೇ ಕಡೆ 1800ಕ್ಕೂ ಹಿಂದಿನ ಹೆಸರು ಸಿಗುವ ಸಂಭವವಿದೆ. ಇಂಥ ಕಾಗದಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನು ವಿಚಾರಿಸಬೇಕು. ಸಾಗರದ ಬಳಿಯ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಕಡತ, ತಾಳೆಗರಿ, ಹಳೆಯ ಪತ್ರಗಳ ಸಂಗ್ರಹವಿದೆ. ಸಾಗರ–ಸೊರಬದ ಹಳೆ ಮನೆತನಗಳವರು ಒಮ್ಮೆ ಹೋಗಿ ನೋಡಲೇಬೇಕಾದ ಜಾಗ. ಲಿಪಿಯ ತೊಡಕು ಮಾತ್ರ ಇದ್ದೇ ಇರುತ್ತದೆ. ಮೋಡಿ ಅಕ್ಷರ, ತಿಗಳಾರಿ, ಪದಗಳ ನಡುವೆ ಜಾಗ ಬಿಡದ ಹಳೆಗಾಲದ ಕನ್ನಡ ಬರವಣಿಗೆ. ಓದಬಲ್ಲವರನ್ನು ಗೊತ್ತುಮಾಡಿಕೊಂಡ ಮೇಲೆ ನಕಲಿಗೆ ಖರ್ಚು ಮಾಡಿ.

ನೋಂದಾಯಿತ ಪತ್ರಗಳು: ಹೆಂಗಸರ ಹೆಸರು ಬೇಕಿದ್ದರೆ

ಖಾತೆಯಲ್ಲಿ ಕಾಣದ ಅಜ್ಜಿಯರು, ವಿಧವೆಯಾದ ಸೊಸೆಯಂದಿರು ಪಾಲುಪಟ್ಟಿಯಲ್ಲಿ ಕಾಣುತ್ತಾರೆ. ಪಾಲಾಗುವಾಗ ಯಾರಿಗೆ ಜೀವನಾಂಶ ಎಷ್ಟು ಖಂಡುಗ ಭತ್ತ, ಯಾರ ಮದುವೆಯ ಖರ್ಚು ಯಾರ ಪಾಲಿನಿಂದ ಎಂದು ಹೆಸರು ಸಮೇತ ಬರೆಯುತ್ತಿದ್ದರು. ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕದಲ್ಲಿ ನಕಲಿರುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಈ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲಿನ 3ನೇ ಪುಸ್ತಕ ಹಾಗಲ್ಲ. ಇಂಡೆಕ್ಸ್ 1 ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿಯ ಮೇಲೆ. ಇಲ್ಲೂ ಎರಡನೆಯದರಿಂದಲೇ ಹುಡುಕಿ, ಕಾರಣ ಮೇಲೆ ಹೇಳಿದ್ದೇ.

ಮುಳುಗಡೆಯ ಊರಿನವರು

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರದ ಊರುಗಳು ಶರಾವತಿಯ ಹಿನ್ನೀರಿಗೆ ಹೋದವು. ಅದಕ್ಕೆ ಮುಂಚೆ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಮುಳುಗಿದ್ದವು. ಈ ಕುಟುಂಬಗಳ ಈಗಿನ ಪಹಣಿ ಹಿಂದಕ್ಕೆ ಹೋದರೆ ಮಂಜೂರಾತಿ ಆದೇಶದ ಹತ್ತಿರ ನಿಂತುಬಿಡುತ್ತದೆ. ಮುಂದೆ ಹಳೆಯ ಊರಿಗೆ ದಾಟಲು ಸೇತುವೆ ಭೂಸ್ವಾಧೀನದ ಅವಾರ್ಡ್ (ಪರಿಹಾರ ಗೊತ್ತುಮಾಡಿದ ಆದೇಶ) ಕಡತ. ಅದರಲ್ಲಿ ಮುಳುಗಿದ ಸರ್ವೆ ನಂಬರು, ಪರಿಹಾರ ಪಡೆದವರ ಹೆಸರು, ಪಾಲುದಾರರ ವಿವರ ಇರುತ್ತದೆ. ಆ ನಂಬರು ಸಿಕ್ಕ ಮೇಲೆ ಹಳೆಯ ತಾಲ್ಲೂಕಿನ ಐಎಲ್–ಆರ್‌ಆರ್ ಕೇಳಿ. ಊರು ಮುಳುಗಿದ್ದರೂ ಅದರ ದಾಖಲೆಯ ಜಾಗ ಹಳೆಯ ತಾಲ್ಲೂಕೇ. ಪುನರ್ವಸತಿಯಾದ ತಾಲ್ಲೂಕಿನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಈ ತಲೆಮಾರಿನ ಹಿರಿಯರು ಇನ್ನೂ ಇದ್ದಾರೆ. ಕಚೇರಿಗೆ ಹೋಗುವ ಮೊದಲು ಅವರ ಹತ್ತಿರ ಕೂತು ಹಳೆಯ ಊರಿನ ಮನೆಗಳ ಸಾಲನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಇಡಬೇಡಿ.

ಹೆಳವರು, ಗಯಾ, ಚರ್ಚು

ಬಯಲುಸೀಮೆಗೆ ಹತ್ತಿಕೊಂಡ ತಾಲ್ಲೂಕುಗಳ ಒಕ್ಕಲು ಮನೆತನಗಳಿಗೆ ಹೆಳವರು ಬರುವ ಪದ್ಧತಿ ಇದ್ದರೆ ಅದೊಂದು ದೊಡ್ಡ ಆಸರೆ. ಸುಗ್ಗಿಯ ನಂತರ ಬಂದು ವಂಶ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು, ಬಟ್ಟೆ ಪಡೆದು ಹೋಗುತ್ತಾರೆ. ಮೂಲ ಊರು ಯಾವುದು, ಯಾವ ಊರಿನಿಂದ ಯಾವ ಊರಿಗೆ ಬಂದರು, ಬೆಡಗು (ಕುಲದ ಒಳಪಂಗಡ) ಯಾವುದು ಎಂಬುದರಲ್ಲಿ ಅವರ ಪುಸ್ತಕಕ್ಕೆ ಸಾಟಿಯಿಲ್ಲ. ಇಸವಿ ಅವರ ಹತ್ತಿರ ಕೇಳಬೇಡಿ. ಅವರು ಹೇಳುವಾಗ ಧ್ವನಿಮುದ್ರಣಕ್ಕೆ ಒಪ್ಪಿಗೆ ಪಡೆದು, ಯೋಗ್ಯ ಸಂಭಾವನೆ ಕೊಡಿ. ಅವರಿಗೆ ಅದು ಕಸುಬು.

ಗಯಾ, ಕಾಶಿಗೆ ಹೋದ ಹಿರಿಯರಿದ್ದರೆ ಅಲ್ಲಿನ ಪಂಡಾಗಳ ಬಹಿಯಲ್ಲಿ ಯಾತ್ರಿಕರ ಊರು, ಜತೆಗೆ ಬಂದವರ ಹೆಸರು, ಕೆಲವೊಮ್ಮೆ ಸ್ವಂತ ರುಜು ಇರುತ್ತದೆ. ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕ್ ಕುಟುಂಬಗಳಿಗೆ ಹಳೆಯ ಚರ್ಚಿನ ಜ್ಞಾನಸ್ನಾನದ ಪುಸ್ತಕವೇ ಮೊದಲ ಆಯ್ಕೆ: ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ ನಾಲ್ವರ ಹೆಸರೂ ತಾರೀಖಿನ ಸಮೇತ ಒಂದೇ ಸಾಲಿನಲ್ಲಿ.

ಸಂವತ್ಸರವನ್ನು ಇಸವಿಗೆ ತರುವುದು

ಖಾಸಗಿ ಪತ್ರಗಳಲ್ಲಿ ಇಸವಿ ಇರುವುದು ಕಡಿಮೆ, ‘ನಂದನ ಸಂವತ್ಸರದ ಮಾಘ ಬಹುಳ ಪಂಚಮಿ’ ಎಂದಿರುತ್ತದೆ. 60ರ ಚಕ್ರದ ಮೊದಲ ಸಂವತ್ಸರ ಪ್ರಭವ 1867ರ ಯುಗಾದಿಗೆ ಶುರುವಾಯಿತು, ಅದರ ಹಿಂದಿನದು 1807ಕ್ಕೆ. ಸಂವತ್ಸರದ ಕ್ರಮಸಂಖ್ಯೆಯಲ್ಲಿ ಒಂದು ಕಳೆದು 1867ಕ್ಕೆ ಕೂಡಿಸಿ. ನಂದನ 26ನೆಯದು, 1867ಕ್ಕೆ 25 ಸೇರಿಸಿದರೆ 1892. ಮಾಘ ಬರುವುದು ಯುಗಾದಿಯಿಂದ ಹನ್ನೊಂದನೇ ತಿಂಗಳು, ಹಾಗಾಗಿ ಆ ತಾರೀಖು 1893ರ ಜನವರಿ–ಫೆಬ್ರವರಿಗೆ ಬೀಳುತ್ತದೆ. ಪುಷ್ಯ, ಮಾಘ, ಫಾಲ್ಗುಣದ ಪತ್ರಗಳಲ್ಲಿ ಈ ಒಂದು ವರ್ಷದ ತಪ್ಪು ಬಹಳ ಆಗುತ್ತದೆ. ಅದೇ ನಂದನ 1832ರದೂ ಇರಬಹುದು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ ತೀರ್ಮಾನಿಸಿ. ಇಲ್ಲವಾದರೆ ಅಳತೆ, ನಾಣ್ಯ ನೋಡಿ. ಖಂಡುಗ, ವರಹ, ಹಣ ಎಂದಿದ್ದರೆ ಹಳೆಯ ಚಕ್ರದ ಕಡೆಗೆ ಒಲವು. ಸರ್ವೆ ನಂಬರು, ಎಕರೆ, ಗುಂಟೆ ಇದ್ದರೆ 1863ರ ನಂತರದ್ದೇ.

ಎರಡು ದಾಖಲೆ ಎರಡು ಮಾತು ಹೇಳಿದಾಗ

ತಂದೆ–ಮಗನ ಸಂಬಂಧಕ್ಕೆ ಪವತಿ ವಾರಸಿನ ನಮೂದನ್ನು ಮೊದಲು ನಂಬಿ. ಆಗ ಊರಿನವರ ಮುಂದೆ ವಿಚಾರಣೆ ನಡೆದು ಬರೆದದ್ದು ಅದು, ಸುಳ್ಳು ಹೇಳಿದ್ದರೆ ತಕರಾರು ಏಳುತ್ತಿತ್ತು. ವಲಸೆಯ ದಾರಿ ಮತ್ತು ಮೂಲ ಊರಿಗೆ ಹೆಳವರ ಪುಸ್ತಕ, ಮನೆದೇವರು. ಹೆಂಗಸರ ಹೆಸರಿಗೆ ಪಾಲುಪಟ್ಟಿ. ವಯಸ್ಸಿನ ವಿಷಯದಲ್ಲಿ ಯಾವುದನ್ನೂ ಪೂರ್ತಿ ನಂಬಬೇಡಿ. 40, 50, 60 ಎಂದು ದುಂಡಗೆ ಬರೆದ ವಯಸ್ಸಿಗೆ ಐದಾರು ವರ್ಷ ಆಚೀಚೆ ಬಿಡಿ, ಮೈನರ್ ಮಕ್ಕಳ ವಯಸ್ಸು ಮಾತ್ರ ಸಾಮಾನ್ಯವಾಗಿ ಹತ್ತಿರ ಇರುತ್ತದೆ. ತಲೆಮಾರಿಗೆ 25ರಿಂದ 28 ವರ್ಷ ಹಿಡಿದು ಲೆಕ್ಕ ಹಾಕಿ. ಅಪ್ಪ–ಮಗನ ನಡುವೆ 45–50 ವರ್ಷದ ಅಂತರ ಬಂದರೆ ನಡುವೆ ಒಂದು ತಲೆಮಾರು, ಬಹುಶಃ ಅದೇ ಹೆಸರಿನ ಅಜ್ಜನೊಬ್ಬ, ಬಿಟ್ಟುಹೋಗಿರಬೇಕು. ಆಗ ಅದೇ ಸರ್ವೆ ನಂಬರಿನ ಇನ್ನೊಂದು ಹಿಸ್ಸೆಯ ಆರ್‌ಆರ್ ಪುಟ ತೆಗೆಸಿ. ದಾಯಾದಿಗಳ ಕಡೆಯ ‘ಬಿನ್’ ಆ ಖಾಲಿ ಜಾಗದ ಹೆಸರನ್ನು ಹೇಳುವ ಸಂಭವ ಹೆಚ್ಚು.